ಅತ್ತೆಯ ಖಾಲಿ ಫ್ರೇಮು

ನಮ್ಮ ಸೋದರತ್ತೆ ಇಂಗ್ಲಿಷ್ ಕಲಿಯುವ ಮೊದಲೇ ಅದರ ಸರ್ಟಿಫಿಕೇಟಿಗೆ ಫ್ರೇಮು ತಂದವಳು! ಅಫಜಲಪುರದ ಬಜಾರಿನಿಂದ ಬಂದ ಆ ಗಾಜಿನ ಫ್ರೇಮು ನಡುಮನೆಯ ಗೋಡೆಯಲ್ಲಿ ಖಾಲಿ ನೇತಾಡುತ್ತಿತ್ತು. ಬಂದವರು, "ಇದರಾಗ ಯಾರ ಫೋಟೋ ಇತ್ರಿ?" ಎಂದು ಕೇಳಿದರೆ, "ಬರೂದೈತ್ರಿ, ಪೋಸ್ಟಿನಾಗ" ಎನ್ನುತ್ತಿದ್ದಳು. ಇಂಥವಳ ಮನೆಯಲ್ಲಿದ್ದು ನಾನು ಹೈಸ್ಕೂಲು ಮುಗಿಸಿದೆನೆಂದರೆ ನನ್ನ ಧೈರ್ಯವನ್ನು ನೀವು ಮೆಚ್ಚಬೇಕು.

ಎಂಬತ್ತರ ದಶಕದ ಮಾತು. ಓದಲೆಂದು ಗೊಬ್ಬೂರಿನಿಂದ ನನ್ನನ್ನು ಅಫಜಲಪುರದ ಅತ್ತೆಯ ಮನೆಗೆ ಕಳಿಸಿದ್ದರು. ಅತ್ತೆ, ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮಾವ, ನಾನು, ಮೂವರೇ. ಅವರಿಗೆ ಮಕ್ಕಳಿರಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಅತ್ತೆ, ಅಂಚೆಯಲ್ಲಿ ಇಂಗ್ಲಿಷ್ ಕಲಿಸುತ್ತಾರೆಂದು ತಿಳಿದು ಒಂದು ದಿನ ಹೆಸರು ಹಚ್ಚಿಯೇಬಿಟ್ಟಳು.

ಮೊದಲು ಬಂದ ಪುಸ್ತಿಕೆಯಲ್ಲಿ ಪಾಠವೇ ಇರಲಿಲ್ಲ. ದೂರದಿಂದ ಕಲಿಯುವವರು ತಿಳಿದಿರಬೇಕಾದ ಶಬ್ದಗಳಷ್ಟೇ ಇದ್ದವು. ಅತ್ತೆ ಅವನ್ನೆಲ್ಲ ಬಾಯಿಪಾಠ ಮಾಡಿ, ಊಟಕ್ಕೆ ಕೂತ ಮಾವನಿಗೆ ವಿವರಿಸಿದಳು.

"ರೆಸ್ಪಾನ್ಸ್ ಶೀಟ್ ಅಂದ್ರ ನಾವು ಉತ್ತರ ಬರದು ಕಳಸೂ ಹಾಳಿ. ಟ್ಯೂಟರ್ ಅಂದ್ರ ನಮ್ಮ ಮಾರಿ ನೋಡಲಾರದೇ ತಿದ್ದೂ ಮಾಸ್ತರ. ರಿಮಾರ್ಕ್ ಅಂದ್ರ ಅವರು ಕೆಂಪು ಶಾಯಿಲೆ ಬರೀತಾರಲ್ರಿ, ಅದು."

"ಪಲ್ಯಾಕ ಉಪ್ಪಿಲ್ಲ," ಅಂದರು ಮಾವ.

"ಬಾಯಿಲೆ ಹೇಳಬ್ಯಾಡ್ರಿ. ರಿಮಾರ್ಕ್ ಬರದ ಕೊಡಬೇಕು."

ದಿನವಿಡೀ ಕಚೇರಿಯಲ್ಲಿ ಬರೆದು ಬಂದ ಮನುಷ್ಯ ಮನೆಯಲ್ಲೂ ಪೆನ್ನು ಹಿಡಿಯುತ್ತಾನೆಯೇ? ಮಾವ ಒಂದು ತಿಂಗಳು ಸಪ್ಪೆ ಪಲ್ಯ ತಿಂದರು.

ಕಷ್ಟ ಶುರುವಾದದ್ದು ಪಾಠಗಳು ಬಂದ ಮೇಲೆ. 'ನನ್ನ ತಂದೆ ಡಾಕ್ಟರು' ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಅತ್ತೆ ಪೆನ್ನು ಕೆಳಗಿಟ್ಟಳು.

"ನಮ್ಮಪ್ಪ ಗೊಬ್ಬೂರದಾಗ ಜ್ವಾಳ ಬೆಳೀತಿದ್ದ. ಡಾಕ್ಟರ್ ಯಾವಾಗ ಆದ?"

"ಅದು ಬರೇ ಅಭ್ಯಾಸಕ್ಕ ಅತ್ತಿ," ಅಂದೆ.

"ಕೆಳಗ ನನ್ನ ಸಹಿ ಐತಿ ಬೇ. ಸಹಿ ಹಾಕಿದ ಹಾಳಿ ಮ್ಯಾಲ ಸುಳ್ಳ ಬರದ್ರ ಏನಾಗ್ತದ, ನಿಮ್ಮ ಮಾವಗ ಕೇಳು."

ಕಚೇರಿಯ ಕಾಗದಪತ್ರಗಳ ನಡುವೆ ಬಾಳಿದ ಮಾವ ಗಂಭೀರವಾಗಿ ತಲೆಯಾಡಿಸಿದರು. ಹೀಗೆ ಪ್ರತಿ ಹಾಳೆಯಲ್ಲೂ ಅತ್ತೆಗೆ ಒಪ್ಪಿಗೆಯಾಗದ ವಾಕ್ಯಗಳ ಜಾಗ ಖಾಲಿ ಹೋಗುತ್ತಿತ್ತು. ನಾವು ದೊಡ್ಡ ಶಹರದಲ್ಲಿಲ್ಲ, ಖಾಲಿ. ನಿನ್ನೆ ದೋಣಿಯಲ್ಲಿ ಕೂತಿಲ್ಲ, ಖಾಲಿ. ಕೊನೆಗೆ ಟ್ಯೂಟರು ಕೆಂಪು ಶಾಯಿಯಲ್ಲಿ ಬರೆದರು: ಮುಂದಿನದು ಕೊನೆಯ ರೆಸ್ಪಾನ್ಸ್ ಶೀಟು, ಅದರಲ್ಲೂ ಖಾಲಿ ಬಿಟ್ಟರೆ ಸರ್ಟಿಫಿಕೇಟು ಸಿಗುವುದಿಲ್ಲ. ಅತ್ತೆ ಅದನ್ನೋದಿ ಗೋಡೆಯ ಫ್ರೇಮಿನ ಧೂಳು ಒರೆಸಿದಳು.

ಕೊನೆಯ ಶೀಟು ಬಂತು. ಒಂದೇ ಪ್ರಶ್ನೆ: ನಿಮ್ಮ ಮಗಳ ಬಗ್ಗೆ ಐದು ವಾಕ್ಯ ಬರೆಯಿರಿ.

ಓದಿ ಹೇಳಿದವಳು ನಾನೇ. "ಅತ್ತಿ, ಇದೊಂದು ಸಲ ಸುಳ್ಳ ಬರದಬಿಡು" ಎಂದು ಅಂಗಲಾಚಿದೆ. ಅವಳು ಶೀಟು ಎತ್ತಿಟ್ಟು ನನ್ನನ್ನು ಶಾಲೆಗೆ ಅಟ್ಟಿದಳು. ನಾನು ಶಾಲೆಯಿಂದ ಬರುವಷ್ಟರಲ್ಲಿ ಲಕೋಟೆಗೆ ಅಂಟು ಹಚ್ಚಿಯಾಗಿತ್ತು. ಖಾಲಿಯೇ ಹೋಯಿತೆಂದು ನನಗೆ ಬಹಳ ಕೆಟ್ಟೆನಿಸಿತು.

ನನ್ನ ಪರೀಕ್ಷೆಗೆ ಇನ್ನೊಂದು ವಾರವಿದ್ದಾಗ ದಪ್ಪ ಲಕೋಟೆ ಬಂತು. ಒಳಗೆ ಸರ್ಟಿಫಿಕೇಟು! ಜೊತೆಗೆ ತಿದ್ದಿದ ಹಾಳೆ. ಗುಂಡಗಿನ ಅಕ್ಷರಗಳಲ್ಲಿ ಐದು ಇಂಗ್ಲಿಷ್ ವಾಕ್ಯಗಳಿದ್ದವು: ನನ್ನ ಮಗಳು ಹತ್ತನೇ ಇಯತ್ತೆ ಓದುತ್ತಾಳೆ. ಅವಳಿಗೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಬಹಳ ಸೇರುತ್ತದೆ. ನನ್ನ ಇಂಗ್ಲಿಷಿಗೆ ನಗುತ್ತಾಳೆ. ಪರೀಕ್ಷೆ ಮುಗಿದ ಮೇಲೆ ಗೊಬ್ಬೂರಿಗೆ ಹೋಗುತ್ತಾಳೆ. ಆಮೇಲೆ ಮನೆಯಲ್ಲಿ ನಾವಿಬ್ಬರೇ.

ಕೆಳಗೆ ಕೆಂಪು ಶಾಯಿಯಲ್ಲಿ ಪೂರ್ತಿ ಅಂಕ, ಮತ್ತು 'ನಿಮ್ಮ ಮಗಳಿಗೆ ನನ್ನ ಆಶೀರ್ವಾದ.'

ಅತ್ತೆ ಸರ್ಟಿಫಿಕೇಟನ್ನು ಟ್ರಂಕಿಗೆ ಹಾಕಿ, ಫ್ರೇಮು ಇಳಿಸಿ, ಅದರೊಳಗೆ ಈ ಹಾಳೆಯನ್ನು ಸೇರಿಸತೊಡಗಿದಳು. ನಾನು ಚುಡಾಯಿಸಿದೆ: "ಕಡೀಕ ಸುಳ್ಳ ಬರದಿ ನೋಡು ಅತ್ತಿ. ಸಹಿ ಬ್ಯಾರೆ ಹಾಕಿದಿ."

ಅವಳು ಹಾಳೆಯನ್ನು ನನ್ನ ಮುಂದೆ ಹಿಡಿದಳು. "ಸುಳ್ಳ ಯಾವ ಸಾಲಿನಾಗೈತಿ, ಬಟ್ಟ ಇಟ್ಟು ತೋರಸು ಬೇ."

ನಾನು ಐದೂ ಸಾಲುಗಳ ಮೇಲೆ ಬೆರಳಾಡಿಸಿದೆ. ಎಲ್ಲಿಯೂ ನಿಲ್ಲಿಸಲಾಗದೆ ಅತ್ತುಬಿಟ್ಟೆ.