ಏಳು ಗಂಟೆ ಹನ್ನೆರಡು ನಿಮಿಷದವರಿಗೆ ಹುಲಿಕೆರೆಯಿಂದ ಒಂದು ಅಹವಾಲು

ಶ್ರೀಮಾನ್ ಸರಾಸರಿಯವರಿಗೆ,
(ಏಳು ಗಂಟೆ ಹನ್ನೆರಡು ನಿಮಿಷ),
ನೋಟಿಸ್ ಬೋರ್ಡು, ಪ್ರಿನ್ಸಿಪಾಲರ ಕೊಠಡಿಯ ಪಕ್ಕ,
ನನ್ನ ಮಗಳ ಕಾಲೇಜು, ಅರಸೀಕೆರೆ.

ಮಾನ್ಯರೇ,

ಗಾಜಿನ ಬಾಗಿಲ ಹಿಂದೆ, ಧೂಳು ತಾಗದಂತೆ, ಹಸಿರು ಸ್ಕೆಚ್ ಪೆನ್ನಿನ ಹೂಬಳ್ಳಿಯ ನಡುವೆ ವಿರಾಜಮಾನರಾಗಿರುವ ತಮ್ಮ ಪಾದಗಳಿಗೆ, ತಮಗೆ ಪಾದಗಳಿವೆಯೋ ಇಲ್ಲವೋ ತಿಳಿಯದಿದ್ದರೂ, ಹುಲಿಕೆರೆಯ ಮಹದೇವಮ್ಮ ಮಾಡುವ ನಮಸ್ಕಾರಗಳು. ನಾನು ಏಳನೇ ಕ್ಲಾಸು ಮುಗಿಸಿ ಎಂಟನೆಯದರಲ್ಲಿ ಎರಡು ತಿಂಗಳು ಕೂತವಳು. ಅಷ್ಟರಲ್ಲಿ ಮನೆಯಲ್ಲಿ ತಮ್ಮ ಹುಟ್ಟಿದ, ತೊಟ್ಟಿಲು ತೂಗುವ ಕೆಲಸ ನನ್ನ ಪಾಲಿಗೆ ಬಂತು. ಹೀಗಾಗಿ ಗಂಟೆಯ ಜೊತೆ ನಿಮಿಷವನ್ನೂ ಇಟ್ಟುಕೊಂಡಿರುವ ದೊಡ್ಡವರಿಗೆ ಬರೆಯಲು ಅಂಜಿಕೆ. ಏನಾದರೂ ತಪ್ಪಾಗಿ ಬರೆದು ಮಗಳ ಇಂಟರ್ನಲ್ ಮಾರ್ಕ್ಸಿಗೆ ಕುತ್ತು ಬಂದರೆ ಗತಿಯೇನು ಎಂದು ಎರಡು ದಿನ ಯೋಚಿಸಿ, ಕುತ್ತು ಹೇಗೂ ಬಂದಾಗಿದೆಯಲ್ಲ ಎಂದು ಮೂರನೆಯ ದಿನ ಪೆನ್ನು ಹಿಡಿದಿದ್ದೇನೆ.

ತಮ್ಮ ಜನ್ಮವೃತ್ತಾಂತ ತಮಗೆ ಮರೆತಿರಬಹುದು, ದೊಡ್ಡ ಸ್ಥಾನಕ್ಕೆ ಹೋದವರಿಗೆಲ್ಲ ಮರೆಯುತ್ತದೆ. ನನ್ನ ಮಗಳು ಪ್ರತಿಮಾ ಪದವಿಯ ಮೊದಲ ವರ್ಷದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಾಳೆ. ಅವಳ ಚೈತನ್ಯ ಮೇಡಂ, ಪುಸ್ತಕದ ಲೆಕ್ಕಕ್ಕಿಂತ ಬದುಕಿನ ಲೆಕ್ಕ ಮಾಡಿದರೆ ಮಕ್ಕಳಿಗೆ ತಲೆಗೆ ಹತ್ತುತ್ತದೆಂದು, ನಿದ್ದೆ ಮತ್ತು ಆರೋಗ್ಯದ ಅಭ್ಯಾಸಗಳ ಬಗ್ಗೆ ಒಂದು ಫಾರಂ ಹಂಚಿದರು. ಎಷ್ಟು ಗಂಟೆ ನಿದ್ದೆ, ಎಷ್ಟು ಲೋಟ ನೀರು, ವಾರಕ್ಕೆ ಎಷ್ಟು ಹಣ್ಣು, ವಾಕಿಂಗ್ ಉಂಟೋ, ಕೆಳಗೆ ಪೋಷಕರ ಸಹಿ. ಅರವತ್ತೊಂದು ಫಾರಂಗಳು ವಾಪಸು ಬಂದವು, ಕೂಡಿದರು, ಭಾಗಿಸಿದರು, ತಾವು ಹುಟ್ಟಿದಿರಿ. ಅರವತ್ತೊಂದು ಮಕ್ಕಳಲ್ಲಿ ಯಾರೊಬ್ಬರೂ ಏಳು ಗಂಟೆ ಹನ್ನೆರಡು ನಿಮಿಷ ನಿದ್ದೆ ಮಾಡುವುದಿಲ್ಲವಂತೆ. ಹೀಗೆ ಯಾರ ಮನೆಯಲ್ಲೂ ಒಂದು ದಿನವೂ ಮಲಗಿ ಏಳದೆ ಎಲ್ಲರ ಪರವಾಗಿ ಮಾತಾಡುವ ಅಧಿಕಾರ ಗಳಿಸಿದ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು.

ಇತ್ತ ಹಳೇಬೀಡು ಕಡೆಯಿಂದ ಬರುವ ಮಕ್ಕಳು, ಬೆಳಗಿನ ಏಳೂವರೆಯ ಕ್ಲಾಸನ್ನು ಒಂಬತ್ತಕ್ಕೆ ಮಾಡಿಕೊಡಿ ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟಿದ್ದರು. ಪ್ರತಿಮಾ ನಾಲ್ಕಕ್ಕೆ ಏಳುತ್ತಾಳೆ, ಟಾರ್ಚು ಹಿಡಿದುಕೊಂಡು ನನ್ನ ಜೊತೆ ಹಳೇಬೀಡಿಗೆ ನಡೆಯುತ್ತಾಳೆ, ಐದೂವರೆಯ ಬಸ್ಸು ಹತ್ತುತ್ತಾಳೆ. ಸಂಜೆ ಮನೆ ಸೇರುವಾಗ ಎಂಟು, ಓದಿ ಬರೆದು ಮಲಗುವಾಗ ಹನ್ನೊಂದೂವರೆ. ಪ್ರಿನ್ಸಿಪಾಲರು ಅರ್ಜಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಬೋರ್ಡಿನಲ್ಲಿದ್ದ ತಮ್ಮನ್ನು ತೋರಿಸಿದರಂತೆ. “ಸರಾಸರಿ ಏಳು ಗಂಟೆ ಹನ್ನೆರಡು ನಿಮಿಷ ಮಲಗ್ತೀರಲ್ರಮ್ಮಾ, ನನಗೇ ಅಷ್ಟು ನಿದ್ದೆ ಇಲ್ಲ!” ಅಲ್ಲಿಗೆ ಅರ್ಜಿ ಮುಗಿಯಿತು. ಮೊದಲ ಕ್ಲಾಸಿನಲ್ಲಿ ನನ್ನ ಮಗಳ ಹಾಜರಾತಿ ಈಗ ಶೇಕಡಾ ಎಪ್ಪತ್ತೈದರ ಗೆರೆಯ ಮೇಲೆ ನಿಂತಿದೆ. ಇನ್ನು ಒಂದು ದಿನ ತಪ್ಪಿದರೆ ಕ್ಷಮೆ ಉಂಟು, ಎರಡು ದಿನ ತಪ್ಪಿದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದೆ ಮನೆಗೆ ಬಂದ ಹುಡುಗಿಗೆ ನಮ್ಮ ಕಡೆ ಯಾವ ಯಾವ ಕೆಲಸ ಕಾದಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೂ ತಿಳಿಯದು.

ನಡೆದು ಬಂದವಳು ಬಸ್ಸಿನಲ್ಲಿ ನಿದ್ದೆಹೋಗಿ ಅರಸೀಕೆರೆಯಲ್ಲಿ ಇಳಿಯದೇ ಹೋದರೆ ಎಂದು ನಾನು ದಿನಾ ಕಂಡಕ್ಟರ್ ನಟರಾಜರಿಗೆ ಫೋನು ಮಾಡುತ್ತೇನೆ. ಪಾಪ, ಅವರು ತಾಳ್ಮೆಯವರು. ಮೊನ್ನೆ ಮಾತ್ರ, “ಅಮ್ಮೋ, ಒಬ್ಳನ್ನ ಎಬ್ಬಿಸಿದ್ರೆ ಇನ್ನೊಬ್ಳು ಒರಗ್ತಾಳೆ. ಕಾಲೇಜು ಮಕ್ಳು ಹದಿನಾಲ್ಕು ಜನ, ಜಾವಗಲ್ ದಾಟೋ ಹೊತ್ಗೆ ಹದಿನಾಲ್ಕೂ ಔಟು. ಟಿಕೆಟ್ ಕೊಡ್ಲಾ, ಜೋಗುಳ ಹಾಡ್ಲಾ?” ಎಂದರು. ಅವರು ಸಂಖ್ಯಾಶಾಸ್ತ್ರ ಓದಿಲ್ಲ, ಬಸ್ಸಿನಲ್ಲಿ ಹಿಂದೆ ತಿರುಗಿ ನೋಡಿದ್ದಾರೆ ಅಷ್ಟೆ.

ಇಷ್ಟು ಬೈದ ಮೇಲೆ ಒಂದು ನಿಜ ಹೇಳಿಬಿಡುತ್ತೇನೆ, ಎದೆಯಲ್ಲಿಟ್ಟುಕೊಂಡರೆ ನನಗೆ ಊಟ ಸೇರುವುದಿಲ್ಲ. ತಮ್ಮನ್ನು ಇಷ್ಟು ಪುಷ್ಟಿಯಾಗಿ ಬೆಳೆಸಿದವರಲ್ಲಿ ನಾನೂ ಒಬ್ಬಳು. ಪ್ರತಿಮಾ ಫಾರಮ್ಮಿನಲ್ಲಿ ಪೆನ್ಸಿಲಿನಿಂದ ನಾಲ್ಕೂವರೆ ಎಂದು ಬರೆದಿದ್ದಳು. ನಾನು ರಬ್ಬರಿನಿಂದ ಅಳಿಸಿ ಪೆನ್ನಿನಲ್ಲಿ ಎಂಟು ಎಂದು ಬರೆದೆ. ಮನೆಗೆ ಬಂದ ಫಾರಮ್ಮಿನಲ್ಲಿ ಮನೆಯ ಮರ್ಯಾದೆ ಬರೆಯಬೇಕೆಂದು ನಮಗೆಲ್ಲ ಅಭ್ಯಾಸ. ನಾಲ್ಕೂವರೆ ಎಂದರೆ ಹುಡುಗಿಯನ್ನು ಮನೆಯಲ್ಲಿ ದುಡಿಸುತ್ತಾರೆ ಅಂದುಕೊಳ್ಳುವುದಿಲ್ಲವೇ? ಫೋನು ಹಿಡಿದು ಕೂರುತ್ತಾಳೆ ಅಂದುಕೊಂಡರೆ? ನಾಳೆ ಸಂಬಂಧ ಕೇಳಲು ಬಂದವರು ಕಾಲೇಜಿನಲ್ಲಿ ವಿಚಾರಿಸಿ, ಆ ಕಾಗದ ಅವರ ಕೈಗೇ ಸಿಕ್ಕಿದರೆ? ಹಣ್ಣು ಎಂಬಲ್ಲಿ ದಿನಕ್ಕೊಂದು ಎಂದು ಬರೆದೆ, ದೇವರ ಮುಂದೆ ಇಟ್ಟ ಬಾಳೆಹಣ್ಣು ಎದುರಿಗೇ ಇತ್ತು. ಕತ್ತಲಲ್ಲಿ ಬಸ್ಸಿಗೆ ಓಡುವುದನ್ನು ವಾಕಿಂಗ್ ಎಂದು ಬರೆದೆ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಮನೆಯ ಮುದ್ದಮ್ಮ, “ನಿದ್ದೆ ಎಷ್ಟು ಹಾಕ್ದೆ ಕಣವ್ವ?” ಎಂದು ಕೇಳಿದರು, ಎಂಟು ಎಂದೆ, “ನಮ್ಮುಡ್ಗಿ ಏನು ಕಮ್ಮಿ?” ಎಂದು ಅವರು ಒಂಬತ್ತು ಹಾಕಿದರು. ಅವರ ಹುಡುಗಿಯೂ ಅದೇ ಬಸ್ಸಿನಲ್ಲಿ ಕಂಬಿಗೆ ಹಣೆ ಕೊಟ್ಟು ಹೋಗುವವಳು.

ಬಸ್ಸಿನವರಲ್ಲಿ ನಿಜ ಬರೆದವನು ಹಳೇಬೀಡಿನ ಸಮ್ಯಕ್ ಒಬ್ಬನೇ. ಮೂರೂವರೆ ಗಂಟೆ ಎಂದು ಬರೆದಿದ್ದ. ಅವನ ಅಂಕಿ ಗುಂಪಿಗೆ ಸೇರುವುದಿಲ್ಲ, ಅದನ್ನು ಔಟ್‌ಲೈಯರ್ ಎನ್ನುತ್ತಾರೆ ಎಂದು ಪಾಠ ಹೇಳಿ, ಅವನ ಫಾರಂ ಹೊರಗಿಟ್ಟರಂತೆ. ಅವನನ್ನು ತಮ್ಮ ಸನ್ನಿಧಾನದಿಂದ ಹೊರಗೆ ಹಾಕುವಾಗ ಅವನು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದನಂತೆ, ಯಾರಿಗೂ ಅದರಲ್ಲಿ ಸಾಕ್ಷಿ ಕಾಣಿಸಲಿಲ್ಲ.

ಕಳೆದ ವಾರ ನಾನೇ ಬಸ್ಸು ಹತ್ತಿ ಕಾಲೇಜಿಗೆ ಹೋಗಿ, ನನ್ನ ಎಂಟು ಸುಳ್ಳು, ನಾಲ್ಕೂವರೆ ನಿಜ ಎಂದು ಮೇಡಂ ಮುಂದೆ ಒಪ್ಪಿಕೊಂಡೆ. ಕೇಸು ಹಾಕುತ್ತೀರಾ ಎಂದೂ ಕೇಳಿಬಿಟ್ಟೆ. ಮೇಡಂ ಕ್ಯಾಲ್ಕುಲೇಟರ್ ಒತ್ತಿ, “ಅಮ್ಮಾ, ನೀವು ಮೂರೂವರೆ ಗಂಟೆ ಇಳಿಸಿದ್ರೂ ಸರಾಸರಿ ಇಳಿಯೋದು ಮೂರೂವರೆ ನಿಮಿಷ ಅಷ್ಟೇ” ಎಂದು ಬೇಜಾರಿನಿಂದ ಹೇಳಿದರು. ಏನು ಗಾಂಭೀರ್ಯ ತಮ್ಮದು! ಒಬ್ಬ ತಾಯಿ ಮಾನ ಬಿಟ್ಟು ಬಂದು ನಿಂತರೆ, ತಾವು ಕುರ್ಚಿಯಲ್ಲಿ ಒಂದಿಷ್ಟು ಸರಿದು ಕೂತಿರಿ.

ಬಸ್‌ಸ್ಟ್ಯಾಂಡಿಗೆ ಬಂದು ತಾಯಂದಿರಿಗೆಲ್ಲ ಹೇಳಿದೆ. “ಸೈನ್ ಆಗೋಗೈತೆ, ಈಗ ತಿದ್ದಿದ್ರೆ ಸುಳ್ಳು ಹೇಳ್ದಂಗಾಗಕ್ಕಿಲ್ವಾ?” ಎಂದು ಮುದ್ದಮ್ಮ ದಬಾಯಿಸಿದರು. ನಾನು ನಾಲ್ಕೂವರೆ ಎಂದು ಬರೆದುಕೊಟ್ಟು ಬಂದದ್ದು ಕಿವಿಗೆ ಬಿದ್ದದ್ದೇ, “ಹಂಗಾರೆ ನಮ್ಮುಡ್ಗೀದು ನಾಲ್ಕೇ, ಬರ್ಕೊ” ಎಂದರು. ಅವರ ಹಿಂದಿನವರು ಮೂರಕ್ಕೆ ಇಳಿದರು. ಹೀಗೇ ಬಿಟ್ಟರೆ ಮಕ್ಕಳು ಹುಟ್ಟಿದಾಗಿನಿಂದ ಕಣ್ಣೇ ಮುಚ್ಚಿಲ್ಲ ಎನ್ನುವಂತಿದ್ದರು. ಕೊನೆಗೆ ಪೆನ್ನನ್ನು ತಾಯಂದಿರ ಕೈಯಿಂದ ಕಿತ್ತು ಮಕ್ಕಳ ಕೈಗೇ ಕೊಟ್ಟೆವು. ಸಮ್ಯಕ್‌ನದೂ ಸೇರಿ ಹದಿನಾಲ್ಕು ಹೊಸ ಫಾರಂಗಳು ಈಗ ಮೇಡಂ ಹತ್ತಿರ ಇವೆ. ಬಸ್ಸಿನ ಮಕ್ಕಳ ಲೆಕ್ಕವನ್ನು ಬೇರೆಯಾಗಿ ಮಾಡಿ ಶುಕ್ರವಾರದ ಮೀಟಿಂಗಿನಲ್ಲಿ ಪ್ರಿನ್ಸಿಪಾಲರ ಮುಂದಿಡುತ್ತೇನೆ ಎಂದು ಅವರು ಮಾತು ಕೊಟ್ಟಿದ್ದಾರೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಶುಕ್ರವಾರದೊಳಗೆ ತಾವಾಗಿಯೇ ಬೋರ್ಡಿನಿಂದ ಇಳಿಯಬೇಕು. ಇಳಿಯುವುದು ಅಗೌರವ ಎನಿಸಿದರೆ, ಕಾಲೇಜಿನ ಎದುರೇ ಮನೆ ಇದ್ದು ಒಂಬತ್ತು ಗಂಟೆ ಮಲಗುವ ಮಕ್ಕಳಿಂದ ಮಿಕ್ಕ ನಿದ್ದೆಯನ್ನು ವಸೂಲು ಮಾಡಿ, ತಾವು ನನ್ನ ಮಗಳ ಹೆಸರಿನಲ್ಲಿ ಹೇಳಿಕೊಳ್ಳುತ್ತಿರುವ ಎರಡು ಗಂಟೆ ನಲವತ್ತೆರಡು ನಿಮಿಷವನ್ನು ದಿನವೂ ಸಂಜೆಯ ಬಸ್ಸಿನಲ್ಲಿ ಚೀಲ ಕಟ್ಟಿ ಕಳಿಸಿಕೊಡಬೇಕು. ಲಗೇಜಿನ ಟಿಕೆಟ್ಟು ನಾನು ಕೊಡುತ್ತೇನೆ. ಅದೂ ಆಗದಿದ್ದರೆ ಒಂದು ವಾರ ನಮ್ಮ ಮನೆಗೆ ಬಂದು ಇರಬೇಕು. ಚಾಪೆ ಹಾಕಿಕೊಡುತ್ತೇನೆ, ನಾಲ್ಕಕ್ಕೆ ಎಬ್ಬಿಸುತ್ತೇನೆ.

ತಮ್ಮನ್ನು ಎಂಟು ಬರೆದು ಸಾಕಿದ ಪಾಪಕ್ಕೆ ತಮ್ಮ ವಿಶ್ವಾಸಿಯೇ ಆಗಬೇಕಾದ,
ಮಹದೇವಮ್ಮ
ಹುಲಿಕೆರೆ

ವಿ.ಸೂ.: ಈ ಪತ್ರ ಮುಗಿಸುವಾಗ ಬುಧವಾರ ಬೆಳಗ್ಗೆ ಆರೂಕಾಲು. ಬಸ್ಸು ಹೋಗಿ ಮುಕ್ಕಾಲು ಗಂಟೆಯಾಯಿತು. ನಾಲ್ಕಕ್ಕೆ ಎಬ್ಬಿಸಲು ಹೋದವಳು, ಪ್ರತಿಮಾ ಕೈಯಲ್ಲಿ ಪೆನ್ನಿನ ಮುಚ್ಚಳ ಹಿಡಿದುಕೊಂಡೇ ಮಲಗಿದ್ದನ್ನು ನೋಡಿ, ಬಾಗಿಲು ಮುಂದೆ ಮಾಡಿ ಬಂದೆ. ಎದ್ದ ಮೇಲೆ ನನ್ನ ಮೇಲೆ ಕೂಗಾಡುತ್ತಾಳೆ, ಕೂಗಾಡಲಿ. ಕ್ಷಮೆ ಇದ್ದ ಆ ಒಂದು ದಿನವನ್ನು ನಾನು ಇವತ್ತು ಖರ್ಚು ಮಾಡಿಬಿಟ್ಟೆ. ಇನ್ನು ತಪ್ಪಿಸಲು ಅವಳಿಗೆ ದಿನ ಉಳಿದಿಲ್ಲ, ತಮಗೆ ಮಾತ್ರ ಎರಡು ದಿನ ಉಳಿದಿದೆ.