ಉಂಗುರ ತೆಗೆಯೋ ಕೈ, ನಿದ್ದೆಗೆಟ್ಟ ಕಣ್ಣು

ನಾನು ದಾವಣಗೆರೆಯಲ್ಲಿ ಫೈರ್‌ಮನ್. ಬೆಂಕಿ ಯಾವಾಗಲೋ ಒಮ್ಮೆ ಬೀಳ್ತೈತೆ, ಜನಕ್ಕೆ ಮೈ ಸರಿಯಿಲ್ಲದ್ದು ಮಾತ್ರ ದಿನಾ ರಾತ್ರಿ ಇದ್ದದ್ದೇ. ಆಂಬುಲೆನ್ಸ್ ನಂಬರ್ ಮರೀತಾರೆ, ನಮ್ಮದು ಮರೆಯಲ್ಲ.

ಒಂದು ರಾತ್ರಿ ಮಾತ್ರ ನನಗೆ ನಿದ್ದೆ ಬೇಕೇ ಬೇಕಿತ್ತು. ಮಾರನೇ ದಿನ ಹರಿಹರದಲ್ಲಿ ಮಗಳ ನಿಶ್ಚಿತಾರ್ಥ. ಹೆಣ್ಣು ನೋಡೋಕೆ ಬಂದಾಗ, ನೈಟ್ ಡ್ಯೂಟಿ ಮುಗಿಸಿ ಬಂದವನು ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡೇ ಗೊರಕೆ ಹೊಡೆದಿದ್ದೆ. ನನ್ನ ಕೆಂಪು ಕಣ್ಣು ನೋಡಿ ಹುಡುಗನ ಅಜ್ಜಿ, "ಹುಡುಗಿ ಅಪ್ಪ ಕುಡೀತಾನೇನು?" ಅಂತ ಕೇಳಿಬಿಟ್ಟಿದ್ದಳು. ಇಲ್ಲ ಅಂತ ನಂಬಿಸೋಕೆ ನನ್ನ ಹೆಂಡತಿಗೆ ಸಾಕುಸಾಕಾಗಿತ್ತು.

"ನಾಳೆ ತೂಕಡಿಸಿದ್ರೆ ಸಂಬಂಧ ಮುರಿದಂಗೆ. ಸ್ಟೇಷನ್ನಾಗೆ ಚೆಂದಗೆ ಮಲಗಿ ಬರ್ರಿ," ಅಂತ ಹೇಳಿ ಕಳಿಸಿದ್ದಳು.

ಮೂರನೇ ಮಹಡಿ

ಹನ್ನೊಂದಕ್ಕೆ ಫೋನು. ಯಜಮಾನರೊಬ್ಬರಿಗೆ ಎದೆನೋವು, ಲಿಫ್ಟ್ ಕೆಟ್ಟೈತೆ, ಆಂಬುಲೆನ್ಸ್‌ನವರಿಗೆ ಎತ್ತೋಕೆ ಆಗ್ತಿಲ್ಲ. ನಾಲ್ಕು ಜನ ಹೋದ್ವಿ. ಯಜಮಾನರು ಎರಡು ಅಕ್ಕಿ ಮೂಟೆಯಷ್ಟಿದ್ರು. ಕುರ್ಚಿಗೆ ಪಟ್ಟಿ ಬಿಗಿದು, ಮೆಟ್ಟಿಲಿಗೊಮ್ಮೆ ದೇವರನ್ನ ನೆನೆದು ಇಳಿಸಿದ್ವಿ. ನನ್ನ ಸೊಂಟ ಎರಡನೇ ಮಹಡಿಯಲ್ಲೇ ಉಳೀತು.

ಆಂಬುಲೆನ್ಸ್ ಬಾಗಿಲು ತೆಗೆದ್ರೆ ಅವರು, "ತಡೀರಿ, ಹಲ್ಲಿನ ಸೆಟ್ ಮೇಲೇ ಬಿಟ್ಟೆ," ಅಂದ್ರು. ಪಟ್ಟಿ ಬಿಚ್ಚಿಕೊಂಡು ದಬದಬ ಮೂರು ಮಹಡಿ ಹತ್ತಿ, ಸೆಟ್ ಹಾಕ್ಕೊಂಡು ಇಳಿದು ಬಂದು, ಅದೇ ಕುರ್ಚಿ ಮೇಲೆ ಕೂತರು.

"ಹ್ಞೂಂ, ಈಗ ಎತ್ರಿ."

ಪಕ್ಕದ ಬೆರಳು

ಒಂದೂವರೆಗೆ ಕುಕ್ಕುವಾಡದಿಂದ ಗೂಡ್ಸ್ ಆಟೋದಾಗೆ ಏಳು ಜನ ಬಂದ್ರು, ರೋಗಿ ಒಬ್ಬನೇ. ಜೇನು ಕಚ್ಚಿ ಬೆರಳು ಊದಿ ಉಂಗುರ ಸಿಕ್ಕಿಹಾಕ್ಕೊಂಡಿತ್ತು. ಇಂಥವರನ್ನ ಡಾಕ್ಟ್ರೇ ನಮ್ಮತ್ರ ಕಳಿಸ್ತಾರೆ. ನಾನು ಕಟರ್ ತೆಗೆದ ಕೂಡಲೇ ಅವನ ಹೆಂಡತಿ, "ನಮ್ಮಪ್ಪ ಹಾಕಿದ ಉಂಗುರ, ಕತ್ತರಿಸಬ್ಯಾಡ್ರಿ. ಬೆರಳಿಗೆ ಏನಾರ ಮಾಡ್ರಿ," ಅಂದಳು.

ಅದಕ್ಕೆ ದಾರದ ಉಪಾಯ ಐತೆ. ದಾರದ ತುದಿ ಉಂಗುರದ ಕೆಳಗೆ ತೂರಿಸಿ, ಉಳಿದದ್ದನ್ನ ಬೆರಳಿಗೆ ಒತ್ತಾಗಿ ಸುತ್ತಿ, ಎಣ್ಣೆ ಹಚ್ಚಿ, ತುದಿ ಹಿಡಿದು ಬಿಚ್ಚುತ್ತಾ ಹೋದ್ರೆ ಉಂಗುರ ಜಾರಿ ಬರ್ತೈತೆ. ನನ್ನ ಕೈ ತಾನೇ ಮಾಡ್ತೈತೆ. ಬಾಯಿ ತಾನೇ "ಹೆದರಬ್ಯಾಡ, ಅಲುಗಾಡಬ್ಯಾಡ, ಬಂತು ಬಂತು" ಅಂತೈತೆ.

ಅರ್ಧ ಗಂಟೆಗೆ ಬಂತು. ಅವನು ಖುಷಿಯಾಗಿ, "ಈ ಬೆರಳಿಗೆ ಹಿಡೀತೈತಾ ನೋಡೋಣ," ಅಂತ ಪಕ್ಕದ ಬೆರಳಿಗೆ ತುರುಕಿದ.

ಹಿಡೀತು. ಮತ್ತೆ ಅರ್ಧ ಗಂಟೆ.

ಖಾಲಿ ಹಾಸಿಗೆ

ನಾಲ್ಕಕ್ಕೆ ತಲೆ ದಿಂಬಿಗಿಟ್ಟೆ. ಫೋನು.

"ಸರ್, ಎರಡು ದಿನದಿಂದ ನಿದ್ದೇನೇ ಬಂದಿಲ್ಲ. ಏನ್ ಮಾಡ್ಲಿ?"

ನನಗೆ ಅಳು ಬಂತು. "ಇಲ್ಲಿಗೆ ಬರ್ರಿ, ನನ್ನ ಹಾಸಿಗೆ ಖಾಲಿ ಐತೆ," ಅಂದೆ.

ಆ ಕಡೆಯಿಂದ, "ಫ್ಯಾನ್ ಐತಾ?"

ಬಂತು ಬಂತು

ಹರಿಹರದಲ್ಲಿ ನನ್ನನ್ನ ಹುಡುಗನ ಪಕ್ಕದಲ್ಲೇ ಕೂರಿಸಿದ್ರು. ಹಿಂದಿನಿಂದ ಹೆಂಡತಿ ಸೀರೆ ಪಿನ್ನಿನಿಂದ ಚುಚ್ಚುತ್ತಾ ಕಾವಲಿದ್ದಳು. ಮಗಳು ಹುಡುಗನಿಗೆ ಉಂಗುರ ಹಾಕಿದಳು. ಸ್ವಲ್ಪ ಬಿಗಿ, ಒತ್ತಿ ಒತ್ತಿ ಹಾಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದ್ರು, ನನ್ನ ಹೆಂಡತೀನೂ ಪಿನ್ ಬಿಟ್ಟು ತಟ್ಟಿದಳು. ಅಷ್ಟೇ ಸಾಕಾತು, ನನ್ನ ಕಣ್ಣು ಎಳೀತು. ಆ ಹೊತ್ತಿಗೆ ಸರಿಯಾಗಿ ಹುಡುಗ, "ನೋಡ್ರಿ ಮಾವ," ಅಂತ ಬೆರಳು ನನ್ನ ಮುಂದೆ ಹಿಡಿದ.

ಮುಂದಿನದನ್ನ ನಾನು ವಿಡಿಯೋದಲ್ಲಿ ನೋಡಿದ್ದು. ಅರೆಗಣ್ಣಲ್ಲೇ ಶಲ್ಯದ ಅಂಚಿಂದ ದಾರ ಎಳೆದೆ. ದೀಪಕ್ಕಿಟ್ಟ ಎಣ್ಣೆ ಬಟ್ಟಲಿಗೆ ಕೈ ಹಾಕಿದೆ. "ಹೆದರಬ್ಯಾಡ, ಅಲುಗಾಡಬ್ಯಾಡ, ಬಂತು ಬಂತು," ಅಂದೆ. ಬಂತು. ಅದನ್ನ ಮಗಳ ಕೈಗೆ ಕೊಟ್ಟು ಹುಡುಗನಿಗೆ ಬುದ್ಧಿ ಹೇಳಿದೆ: "ಇನ್ನೊಮ್ಮೆ ಹಾಕ್ಕೋಬ್ಯಾಡ ಮತ್ತೆ."

ಎಚ್ಚರಾದಾಗ ಇಡೀ ಛತ್ರ ನನ್ನನ್ನೇ ನೋಡ್ತಿತ್ತು. ಮಗಳ ಕಣ್ಣು ತುಂಬಿತ್ತು. ಕೈಯಾರೆ ಮಗಳ ಬದುಕು ಕೆಡಿಸಿದೆನಲ್ಲ ಅನ್ನಿಸ್ತು. ಹುಡುಗನ ಅಜ್ಜಿ ಕೋಲೂರಿಕೊಂಡು ನೇರ ನನ್ನ ಹತ್ರ ಬಂದಳು. ಬಗ್ಗಿ ನನ್ನ ಬಾಯಿ ಮೂಸಿ ನೋಡಿದಳು.

"ಕುಡಿದಿಲ್ಲ. ಬರೀ ನಿದ್ದೆ," ಅಂತ ಸಭೆಗೆಲ್ಲ ಹೇಳಿದಳು. ಆಮೇಲೆ ಪಕ್ಕದಲ್ಲಿ ಕೂತು ತನ್ನ ಬೆರಳು ಚಾಚಿದಳು. "ಅವನ ಉಂಗುರ ಮತ್ತೆ ಹಾಕಿಸಿದ್ರಾತು ಬಿಡು. ಇದು ನಲವತ್ತು ವರ್ಷದಿಂದ ಹೊರಗೆ ಬಂದಿಲ್ಲ. ಪೂರ್ತಿ ಎಚ್ಚರ ಆಗೋದ್ರೊಳಗೆ ತೆಗೆದ್ಬಿಡಪ್ಪ."