ಪಾರಿಸನ ಮನೆಯ ಕೆಂಪು ಹುಳ

ಬಾಗಿಲ ಅಲಂಕಾರಕ್ಕೆಂದು ಪಾರಿಸ ಮಿರಜಿನಿಂದ ನಾಲ್ಕು ಕ್ರೋಟನ್ ಕುಂಡ ತಂದಿದ್ದ. ಹುಳ ಬಂದದ್ದು ಅವುಗಳ ಮಣ್ಣಿನಲ್ಲಿ. ತೊಂಬತ್ತೆರಡರ ಮೃಗಶಿರ ಮಳೆ ಸುರಿದದ್ದೇ ತಡ, ಕಿರುಬೆರಳುದ್ದದ ಕೆಂಪು ರೈಲುಹುಳಗಳು ಹೊರಬಿದ್ದು, ಬೆಳಗಾಗುವುದರೊಳಗೆ ಹೆಂಡತಿ ಕಾಶಿಬಾಯಿಯ ರಂಗೋಲಿಯ ಮೇಲೆ ರಾಜಕುಮಾರಿಯ ದಿಬ್ಬಣದ ಹಾಗೆ ಸಾಲುಗಟ್ಟಿ ನಡೆದಿದ್ದವು.

ಬೇರೆ ದಿನವಾಗಿದ್ದರೆ ನಡೆಯಲಿ ಬಿಡು ಎನ್ನಬಹುದಿತ್ತು. ಆದರೆ ಐನಾಪುರದ ಬಸದಿಗೆ ಮುನಿ ಮಹಾರಾಜರು ಬಂದು ಮೂರು ದಿನವಾಗಿತ್ತು. ನಾಳೆ ನಸುಕಿನಲ್ಲಿ ಕಾಗವಾಡದ ಕಡೆ ಹೊರಡುವವರು. ದಿನಕ್ಕೊಂದೇ ಹೊತ್ತು, ಒಂದೇ ಮನೆಯಲ್ಲಿ ಅವರ ಆಹಾರ; ಬೆಳಿಗ್ಗೆ ಓಣಿಯಲ್ಲಿ ನಡೆದು ಬಂದು, ಬಾಗಿಲಲ್ಲಿ ಕಳಶ ಹಿಡಿದು ನಿಂತವರಲ್ಲಿ ಯಾರೋ ಒಬ್ಬರ ಮನೆಗೆ ಹೋಗುವರು. ಮದುವೆಯಾಗಿ ಹನ್ನೊಂದು ವರ್ಷವಾದರೂ ಪಾರಿಸನ ಮನೆಗೆ ಆ ಭಾಗ್ಯ ಒದಗಿರಲಿಲ್ಲ. ಮಹಾರಾಜರು ನಾಲ್ಕು ಮೊಳ ಮುಂದಿನ ನೆಲ ನೋಡಿಕೊಂಡೇ ಹೆಜ್ಜೆ ಇಡುವವರು. ಹುಳ ಹರಿದಾಡುವ ಬಾಗಿಲಿಗೆ ಬರುವ ಮಾತೇ ಇಲ್ಲ. ಹುಳ ಕೊಲ್ಲುವ ಮಾತಂತೂ ಆ ಮನೆಯಲ್ಲಿ ಯಾರೂ ಆಡುವಂತಿಲ್ಲ.

"ಮಹಾರಾಜರು ಆಹಾರಕ್ಕ ಹೊರಡಾಕ ಇನ್ನ ಎರಡ ತಾಸ ಐತ್ರಿ. ಒಂದರ ಕಾಲೂ ಮುರೀಬಾರ್ದ ನೋಡ್ರಿ," ಎಂದಳು ಕಾಶಿಬಾಯಿ.

"ಯಾವ ಕಾಲ ಅಂತ ನೋಡ್ಲಿ?" ಎಂದ ಪಾರಿಸ.

ಉಟ್ಟ ಮಡಿ ಧೋತರ ಬಿಚ್ಚಿಟ್ಟು, ಲುಂಗಿ ಸುತ್ತಿಕೊಂಡು, ಬಾಳೆಎಲೆಯ ಚೂರಿನ ಮೇಲೆ ಒಂದೊಂದೇ ಹುಳ ಹತ್ತಿಸಿ ಹಸಿಮಣ್ಣಿನ ಬಕೀಟಿಗೆ ಇಳಿಸತೊಡಗಿದ. ಮುಟ್ಟಿದ ಹುಳ ಚಕ್ಕಲಿಯಾಗಿ ಸುತ್ತಿಕೊಳ್ಳುತ್ತಿತ್ತು. ಅದು ಮತ್ತೆ ಬಿಚ್ಚಿಕೊಳ್ಳುವವರೆಗೆ ಇವನು ಕುಕ್ಕರಗಾಲಿನಲ್ಲಿ ಕಾಯಬೇಕು.

ಎದುರುಮನೆಯ ಭಾವುಸಾಹೇಬ, ಪಿಂಚಣಿ ಪಡೆಯುವ ವಿಜ್ಞಾನದ ಮಾಸ್ತರು, ಬಂದು ಬಗ್ಗಿ ನೋಡಿದರು.

"ಇವು ನಮ್ಮ ಕಡೀವಲ್ಲೋ ಪಾರಿಸ. ಬರ್ಮಾದ ಆಚೀಕಡೀವು. ಕುಂಡದ ಮಣ್ಣಾಗ ಕುಂತ, ಹಡಗ ಏರಿ, ಜಗತ್ತೆಲ್ಲಾ ತಿರಗ್ಯಾವ. ತಾವಾಗೇ ಎಲ್ಲೀ ಹೋಗೂದಿಲ್ಲ. ಮನಶ್ಯಾನ ಹೊತಗೊಂಡ ಹೋಗ್ತಾನ."

"ಹಂಗಾರ ನಿಮ್ಮ ಹಿತ್ತಲಕ್ಕ ಹೊತಗೊಂಡ ಬರ್ಲೇನ್ರಿ ಮಾಸ್ತರ?"

ಮಾಸ್ತರರ ಮುಖ ಪರೀಕ್ಷೆಯ ದಿನದ ಮುಖವಾಯಿತು. "ನಮ್ಮ ಬಾಗಲಾಗೂ ಮಹಾರಾಜರ ದಾರಿ ಕಾಯಾಕತ್ತೀವಪಾ."

ತುಂಬಿದ ಬಕೀಟು ಹಿಡಿದು ಹೊರಟರೆ, ಪಕ್ಕದ ಮನೆಯ ಅಕ್ಕುತಾಯಿ ಇನ್ನೂ ನೇರ. "ಅವು ನಮ್ಮ ಅಂಗಳದಾಗ ಸತ್ರ ಪಾಪ ನಿನ್ನ ಕೊಳ್ಳಿಗೋ, ನನ್ನ ಕೊಳ್ಳಿಗೋ? ಮುಂದ ನಡಿ ನನ್ನಪ್ಪಾ."

ಮುಂದೆಯೂ ಅದೇ. ಬಕೀಟು ಕಂಡ ಹೆಂಗಸರು ಕಳಶ ಕೆಳಗಿಟ್ಟು ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಲು ಓಡಿದರು. ಹೊಲದ ದಾರಿಯಲ್ಲಿ ಬಿಟ್ಟರೆ ಟ್ರ್ಯಾಕ್ಟರ್ ಗಾಲಿ, ದ್ರಾಕ್ಷಿ ತೋಟದಲ್ಲಿ ಬಿಟ್ಟರೆ ಔಷಧಿ. ಕೊನೆಗೆ ಪಾರಿಸನಿಗೆ ಹೊಳೆಯಿತು: ನೆರಳು, ತೇವ, ಯಾರೂ ಜೀವ ತೆಗೆಯದ ಜಾಗ ಎಂದರೆ ಬಸದಿಯ ಹೂದೋಟ. ಮಹಾರಾಜರು ಒಳಗೆ ಧ್ಯಾನದಲ್ಲಿದ್ದರು. ಮೆಟ್ಟಿಲ ಪಕ್ಕದ ಮಲ್ಲಿಗೆ ಪೊದೆಯ ಬುಡದಲ್ಲಿ ಬಕೀಟನ್ನು ಮೆಲ್ಲಗೆ ಬೋರಲು ಹಾಕಿದ. ಒಂದು ಕಾಲೂ ಮುರಿದಿರಲಿಲ್ಲ.

ಮನೆಗೆ ಓಡಿ, ಎರಡನೆಯ ಸಲ ಸ್ನಾನ ಮಾಡಿ, ಮಡಿ ಉಟ್ಟು, ಕಳಶ ಹಿಡಿದು ಕಾಶಿಬಾಯಿಯ ಪಕ್ಕ ನಿಂತ.

ಒಂಬತ್ತಾಯಿತು, ಹತ್ತಾಯಿತು. ಓಣಿಯ ತಿರುವಿನಲ್ಲಿ ಏನು ಅಲುಗಿದರೂ ಎಲ್ಲ ಬಾಗಿಲುಗಳಿಂದ "ನಮೋಸ್ತು, ನಮೋಸ್ತು" ಏಳುತ್ತಿತ್ತು. ಹಾಗೆ ಅಂಚೆಯವನೊಬ್ಬ ಇಡೀ ಓಣಿಯ ವಂದನೆ ಪಡೆದು, ಕಕ್ಕಾಬಿಕ್ಕಿಯಾಗಿ, ಪತ್ರ ಕೊಡದೆಯೇ ಹೋದ.

ಹನ್ನೊಂದಕ್ಕೆ ಬಸದಿಯ ಪಂಡಿತರು ಬಂದರು.

"ಇನ್ನ ಯಾರೂ ನಿಲ್ಲಬ್ಯಾಡ್ರಿ. ಮಹಾರಾಜರು ಹೊಸ್ತಿಲಕ್ಕ ಬಂದ್ರ ಮೆಟ್ಟಲ ತುಂಬ ಕೆಂಪ ಹುಳ. ನವಿಲಗರಿ ಪಿಂಛಿಲೆ ಸರಿಸಿದಂಗೆಲ್ಲಾ ಮತ್ತ ಬರಾಕತ್ತಿದ್ವು. ಹೊತ್ತ ಮೀರಿತು. ಇವತ್ತ ಉಪವಾಸ ಅಂತ ಒಳಗ ಕುಂತಾರ."

ಓಣಿ ಪಾರಿಸನ ಕಡೆ ತಿರುಗಿತು. ಪಾರಿಸ ಕಳಶದ ತೆಂಗಿನಕಾಯಿಯನ್ನು ಹೊಸದಾಗಿ ಕಂಡವನಂತೆ ನೋಡತೊಡಗಿದ.

"ಸಿಟ್ಟಾಗ್ಯಾರೇನ್ರಿ?" ಎಂದು ಕೇಳಿದಳು ಕಾಶಿಬಾಯಿ.

"ಅವರಿಗೆಲ್ಲಿ ಸಿಟ್ಟವಾ. 'ಅವಕ್ಕ ಜಾಗಾ ಹೊಸದು, ಗಾಬರಿ ಆಗ್ಯಾವ. ನೋವಾಗಲಾರದಂಗ ಆರಿಸಿ, ಯಾರ ಮನಿಯಿಂದ ಬಂದಾವೋ ಆ ಮನಿಗೇ ಮುಟ್ಟಸ್ರಿ' ಅಂದಾರ."

ಗುರುವಿನ ಮಾತು. ಬೆಳಿಗ್ಗೆ ಅಗುಳಿ ಹಾಕಿದವರೆಲ್ಲ ಈಗ ಬಾಳೆಎಲೆ ಹರಿದುಕೊಂಡು ಬಸದಿಗೆ ನಡೆದರು. ಪಾರಿಸ ಒಯ್ದದ್ದು ಒಂದು ಬಕೀಟು. ಮಧ್ಯಾಹ್ನ ಪಾರಿಸನ ಬಾಗಿಲಿಗೆ ಮರಳಿದ್ದು ಮೂರು. ಕೆಂಪು ಹುಳಗಳ ನಡುವೆ ಕರಿಯವು, ಕಂದುಬಣ್ಣದವು, ಒಂದು ಜಿಗಣೆಯೂ ಇತ್ತು.

ಕೊನೆಗೆ ಬಂದವಳು ಅಕ್ಕುತಾಯಿ. ತನ್ನ ಹಿತ್ತಿಲಿನ ಒಂದು ಬಸವನಹುಳವನ್ನು ಎಲೆಯ ಮೇಲೆ ಜೋಪಾನವಾಗಿ ಹಿಡಿದುಕೊಂಡಿದ್ದಳು.

"ಇದೂ ನಿಮ್ಮ ಮನೀದ ಇದ್ದಂಗ ಐತಿ, ತಗೋಪಾ."